ಹುಲ್ಲು ಮೇಯುವ ಗಂಡ, ಮರ ನೆಡುವ ದೊರೆ

ಬಹಳ ಹಿಂದೆ, ಮೋಡಗಳು ಇನ್ನೂ ಹೇಳಿದ ಮಾತು ಕೇಳುತ್ತಿದ್ದ ಕಾಲದಲ್ಲಿ, ಹೊನ್ನತೊರೆ ಎಂಬ ರಾಜ್ಯವಿತ್ತು. ಅಲ್ಲಿ ಮೋಡಗಳು ಮಾತು ಕೇಳುತ್ತಿದ್ದವು, ದೊರೆ ಮಾತ್ರ ಕೇಳುತ್ತಿರಲಿಲ್ಲ. ಕೆಟ್ಟವನೇನಲ್ಲ ಆತ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಕರುಣಾಸೇನ ಎಂದು ಹೆಸರು. ಇರುವೆ ತುಳಿದರೂ ಕಣ್ಣೀರು ಹಾಕುವ ಜನ. ಇಂಥ ಒಳ್ಳೆಯವರ ಜೊತೆ ಏಗುವುದಿದೆಯಲ್ಲ, ಶತ್ರುವಿನ ಜೊತೆ ಏಗುವುದೇ ವಾಸಿ.

ಆ ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ತೊರೆ. ಅದು ಹುಟ್ಟುತ್ತಿದ್ದದ್ದು ಮಂಜುಬೆಟ್ಟದ ನೆತ್ತಿಯಲ್ಲಿ. ನೆತ್ತಿಯ ತುಂಬ ಮೊಣಕಾಲೆತ್ತರದ ಹುಲ್ಲು. ತಗ್ಗುಗಳಲ್ಲಿ ಮಾತ್ರ ಪಾಚಿ ಹೊದ್ದ ಗಿಡ್ಡ ಮರಗಳ ದಟ್ಟ ಕಾಡು. ಮಂಜು ಬಂದು ಹುಲ್ಲಿನ ಮೇಲೆ ಕೂರುತ್ತಿತ್ತು, ಮಳೆ ಹುಲ್ಲಿನ ಬುಡಕ್ಕೆ ಇಳಿಯುತ್ತಿತ್ತು, ನೆಲ ಅದನ್ನೆಲ್ಲ ಹಿಡಿದಿಟ್ಟುಕೊಂಡು ವರ್ಷವಿಡೀ ಒರತೆಗೆ ಬಿಡುತ್ತಿತ್ತು. ಆ ಒರತೆಯ ಕಾವಲು ಕೆಂಚವ್ವನದು. ದಿನಾ ಬೆಳಿಗ್ಗೆ ಗೀಟು ಕೊರೆದ ಬಿದಿರುಕೋಲನ್ನು ನೀರಿಗೆ ಇಳಿಬಿಟ್ಟು, ನೀರು ಎಷ್ಟನೇ ಗೀಟಿಗಿದೆ ಎಂದು ನೋಡುವುದು ಅವಳ ಕೆಲಸ. ಅವಳ ಅಜ್ಜಿಯ ಕಾಲದಿಂದಲೂ ಅದು ಏಳನೇ ಗೀಟಿಗಿಂತ ಕೆಳಗಿಳಿದದ್ದಿಲ್ಲ.

ಒಂದು ದಿನ ಹಸಿರು ಜಡೆಯ ಮಾಂತ್ರಿಕನೊಬ್ಬ ಅರಮನೆಗೆ ಬಂದ.

"ದೊರೆಯೇ, ನಿನ್ನ ಬೆಟ್ಟದ ತಲೆ ಬೋಳಾಗಿದೆಯಲ್ಲ. ನನ್ನ ಸಸಿ ನೆಡು, ಹದಿನೈದೇ ದಿನಕ್ಕೆ ಮುಗಿಲು ಮುಟ್ಟುತ್ತದೆ" ಎಂದ.

ದೊರೆಗೆ ಸ್ವರ್ಗಕ್ಕೆ ಮೂರೇ ಗೇಣು. ಮೊದಲ ಸಸಿಯನ್ನು ತನ್ನ ಕೈಯಾರೆ ನೆಟ್ಟು, ತೀರಿಹೋದ ತಾಯಿಯ ಹೆಸರಿಟ್ಟ. ಹಿಂದೆಯೇ ಊರಿಗೆ ಊರೇ ಸಸಿ ಹೊತ್ತು ಬೆಟ್ಟ ಹತ್ತಿತು. ಹುಲ್ಲು ಎಂದರೆ ಏನೂ ಇಲ್ಲದ ಜಾಗ ಎಂದು ಎಲ್ಲರೂ ತಿಳಿದುಬಿಟ್ಟಿದ್ದರು.

ಆ ಮರಗಳ ಬೇರುಗಳೋ, ಬೆಟ್ಟದ ಹೊಟ್ಟೆಯೊಳಗಿನ ನೀರನ್ನೆಲ್ಲ ಹೀರಿ ಮಾಂತ್ರಿಕನ ಪಾತಾಳದ ಕೊಳಕ್ಕೆ ಸುರಿಯುತ್ತಿದ್ದವು. ಹೀಗೆ ಊರೂರ ಬೆಟ್ಟಗಳ ನೀರು ಕುಡಿದೇ ಅವನು ಮುನ್ನೂರು ವರ್ಷ ಬದುಕಿದ್ದ. ಕೆಂಚವ್ವನ ಗಂಡ ಜವರಯ್ಯ ಒಂದು ಬೇರಿನ ಜಾಡು ಹಿಡಿದು ಗುಹೆಯೊಳಗೆ ಇಳಿದು ಕೊಳವನ್ನು ಕಂಡ. ಕಂಡವನು ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕೋ ಬೇಡವೋ? ಮಾಂತ್ರಿಕನ ಮುಖಕ್ಕೇ ಹೇಳಿದ. ಮಾಂತ್ರಿಕ ಅವನನ್ನು ಬೆಟ್ಟದ ಆಡು ಮಾಡಿ ಕೆಂಚವ್ವನ ಬಾಗಿಲಿಗೆ ತಂದುಬಿಟ್ಟ.

"ನೆತ್ತಿಯ ಹುಲ್ಲು ಇರುವ ತನಕ ನಿನ್ನ ಗಂಡನಿಗೆ ಉಸಿರು. ಬೇರೆ ಮೇವು ಯಾವುದೂ ಅವನಿಗೆ ಒಗ್ಗುವುದಿಲ್ಲ" ಎಂದ. "ದೊರೆ ತಾನು ನೆಟ್ಟ ಮೊದಲ ಮರವನ್ನು ತಾನೇ ಕಿತ್ತರೆ ನನ್ನ ಮಾಯೆಯೆಲ್ಲ ಮುರಿಯುತ್ತದೆ. ಅವನ ಕೈಗಾದರೆ ಅದು ಮೂಲಂಗಿಯ ಹಾಗೆ ಬರುತ್ತದೆ. ಕೀಳಿಸು ನೋಡೋಣ" ಎಂದು ನಕ್ಕು ಹೋದ.

ಆಡಾದರೂ ಜವರಯ್ಯನ ಬಾಯಿ ನಿಲ್ಲಲಿಲ್ಲ. ಅವನ ಮಾತು ಕೆಂಚವ್ವನಿಗೆ ಮಾತ್ರ ತಿಳಿಯುತ್ತಿತ್ತು, ಉಳಿದವರಿಗೆ ಬರೀ ಮ್ಯಾ.

"ಈ ಹುಲ್ಲು ಸಪ್ಪೆ ಕಣೇ. ಒಂದು ಚೂರು ಉಪ್ಪು ತಾ."

"ಅವನ ಮುಖಕ್ಕೇ ಹೇಳೋಕೆ ಹೋದೆಯಲ್ಲ, ನಿನಗೆ ಯಾರು ಹೇಳಿದ್ದರು?"

"ನಾನು ಹೇಳಿದ್ದು ನಿಜ ತಾನೇ?"

"ನಿಜವೇ. ಈಗ ಸುಮ್ಮನೆ ಮೇಯಿ."

ಬೈದಳೇ ಹೊರತು ಉಪ್ಪು ತಂದು ಅಂಗೈಯಲ್ಲಿ ಹಿಡಿದಳು. ಅವನು ನೆಕ್ಕುವಾಗ ಅವಳಿಗೆ ಅಳು ಬಂತು.

ನೀರು ಐದನೇ ಗೀಟಿಗಿಳಿದ ದಿನ ಕೆಂಚವ್ವ ಕೋಲು ಹಿಡಿದು ಅರಮನೆಗೆ ಹೋದಳು. ಬೇರು, ಕೊಳ, ಗಂಡ, ಎಲ್ಲವನ್ನೂ ಬಿಡಿಸಿ ಹೇಳಿದಳು. ದೊರೆಯ ಕಣ್ಣು ತುಂಬಿತು.

"ಪಾಪ, ಗಂಡ ಕಾಣೆಯಾದ ದುಃಖಕ್ಕೆ ತಲೆ ಕೆಟ್ಟಿದೆ ತಾಯಿಗೆ" ಎಂದು ಮಂತ್ರಿಯ ಕಿವಿಯಲ್ಲಿ ಹೇಳಿದ. ಅವಳಿಗೆ ಹೇಳಿದ್ದು ಬೇರೆ. "ನೀರು ಕಡಿಮೆಯಾಯಿತೇ? ಹಾಗಾದರೆ ಇನ್ನೂ ಹತ್ತು ಸಾವಿರ ಮರ ನೆಡಿಸುತ್ತೇನೆ, ಚಿಂತೆ ಬಿಡು."

ನೆಡಿಸಿಯೂ ಬಿಟ್ಟ.

ನೀರು ಮೂರನೇ ಗೀಟಿಗಿಳಿಯಿತು. ಕೆಂಚವ್ವ ತಳದಲ್ಲಿ ತೂತಿದ್ದ ಎರಡು ಮಡಕೆ ಹೊತ್ತು ಹೋದಳು. ಒಂದರಲ್ಲಿ ಹುಲ್ಲಿನ ಹೆಂಟೆ, ಇನ್ನೊಂದರಲ್ಲಿ ಮಾಂತ್ರಿಕನ ಸಸಿ. ಎರಡಕ್ಕೂ ಒಂದೊಂದು ಕೊಡ ನೀರು ಹೊಯ್ದಳು. ಹುಲ್ಲಿನ ಮಡಕೆಯಿಂದ ತಿಳಿನೀರು ಮೂರು ದಿನ ತೊಟ್ಟಿಕ್ಕಿತು. ಸಸಿಯ ಮಡಕೆಯಿಂದ ಒಂದು ಹನಿಯೂ ಬೀಳಲಿಲ್ಲ.

"ನೋಡಿದಿರಾ, ಬುದ್ಧಿ?" ಎಂದಳು.

"ನೋಡಿದೆ" ಎಂದ ದೊರೆ, ಕಣ್ಣೀರು ಒರೆಸಿಕೊಳ್ಳುತ್ತ. "ಸಸಿಗೆ ಎಷ್ಟೊಂದು ಬಾಯಾರಿಕೆ. ಯಾರಲ್ಲಿ, ಇದಕ್ಕೆ ಇನ್ನೊಂದು ಕೊಡ ನೀರು ತನ್ನಿ."

ಇಂಥವನಿಗೆ ಏನು ಹೇಳುವುದು? ಗೋಡೆಗೆ ಹೇಳಿದ್ದರೆ ಅದಾದರೂ ನೀರು ತರಿಸುತ್ತಿರಲಿಲ್ಲ. ಹೊರಡುವಾಗ ದೊರೆ ಅವಳಿಗೆ ಶಾಲು ಹೊದಿಸಿ ಕಳಿಸಿದ. ಅವಳು ಅದನ್ನು ಆಡಿಗೆ ಹೊದಿಸಿದಳು.

ನೀರು ಮೊದಲನೇ ಗೀಟಿಗೆ ಬಂತು. ನೆತ್ತಿಯಲ್ಲಿ ಹುಲ್ಲು ಉಳಿದದ್ದು ಒಂದು ಚಾಪೆಯಷ್ಟು. ಜವರಯ್ಯನ ಪಕ್ಕೆಲುಬು ಎಣಿಸಬಹುದಿತ್ತು. ಉಪ್ಪು ಕೇಳುವುದನ್ನೂ ಬಿಟ್ಟಿದ್ದ. ಎಂದೂ ಸುಮ್ಮನಿರದವನು ಸುಮ್ಮನಾದದ್ದು ಕಂಡು ಕೆಂಚವ್ವನ ಎದೆ ಒಡೆಯಿತು.

ಅಷ್ಟರಲ್ಲಿ ದೊರೆಯ ಹುಟ್ಟುಹಬ್ಬ. ಹೊಸ ಸಸಿ, ಬೆಳ್ಳಿ ಗುದ್ದಲಿ, ಓಲಗ ಎಲ್ಲದರ ಜೊತೆ ಬೆಟ್ಟ ಹತ್ತಿ ಬಂದು, ಖಾಲಿ ಉಳಿದಿರುವ ಜಾಗ ಎಲ್ಲಿ ಎಂದು ಹುಡುಕಿ, ಆ ಚಾಪೆಯಷ್ಟು ಹುಲ್ಲಿನ ಮುಂದೆಯೇ ನಿಂತ. ಆಡು ಹುಲ್ಲಿನ ನಡುವೆ ಮಲಗಿತ್ತು.

"ಆಡನ್ನು ಸ್ವಲ್ಪ ಆಚೆ ಸರಿಸಿ. ನೋವು ಮಾಡಬೇಡಿ" ಎಂದ.

ಕೆಂಚವ್ವನಿಗೆ ಸಾಕಾಗಿಹೋಗಿತ್ತು. ಬುದ್ಧಿ ಎನ್ನುವುದನ್ನೂ ಮರೆತಳು.

"ಅದು ನನ್ನ ಗಂಡ. ನೀನು ಅಗೆಯೋಕೆ ಹೊರಟಿರೋದು ಅವನ ಊಟದ ಎಲೆ. ಎರಡು ಸಲ ಬಂದು ಹೇಳಿದೆ, ಎರಡು ಸಲವೂ ಅತ್ತೆ. ಇನ್ನು ಅಳಬೇಡ, ಮಾತಾಡಲೂ ಬೇಡ. ಬಾಯಿ ಮುಚ್ಚಿ ಇಲ್ಲಿ ಕಿವಿಯಿಡು."

ಓಲಗ ನಿಂತಿತು. ಹುಟ್ಟಿದಂದಿನಿಂದ ಯಾರೂ ಬಾಯಿ ಮುಚ್ಚು ಎನ್ನದ ದೊರೆಗೆ ಬೇರೇನೂ ತೋಚಲಿಲ್ಲ. ಮೊಣಕಾಲೂರಿ ಹುಲ್ಲಿಗೆ ಕಿವಿ ಹಚ್ಚಿದ. ಆಳದಲ್ಲಿ ನೀರು ಹನಿಹನಿಯಾಗಿ ಇಳಿಯುತ್ತಿತ್ತು, ಒರತೆಯ ಕಡೆಗೆ. ಬಹಳ ಹೊತ್ತು ಕೇಳಿದ.

"ಈಗ ಅಲ್ಲಿ" ಎಂದು ಕೆಂಚವ್ವ ಅವನ ತಾಯಿಯ ಹೆಸರಿನ ಮರ ತೋರಿಸಿದಳು.

ದೊರೆ ಅದರ ಬುಡಕ್ಕೆ ಕಿವಿ ಹಚ್ಚಿದ. ಗುಟುಕ್, ಗುಟುಕ್, ಗುಟುಕ್. ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಯಾರೋ ಕುಡಿಯುತ್ತಿದ್ದರು. ಅವನ ಮುಖ ಬಿಳಿಚಿತು.

"ಇದು ನಮ್ಮಮ್ಮನ ಮರ" ಎಂದ, ಮಕ್ಕಳ ದನಿಯಲ್ಲಿ.

ಕೆಂಚವ್ವನ ಸಿಟ್ಟು ಅರ್ಧ ಇಳಿಯಿತು. "ನಿಮ್ಮಮ್ಮ ಬೇರೆಯವರ ಬಾಯಿಂದ ಕಿತ್ತು ಕುಡಿಯೋರಾ, ಬುದ್ಧಿ?"

"ಇಲ್ಲ. ಎಲ್ಲರಿಗೂ ಬಡಿಸಿ, ಉಳಿದರೆ ತಾನು ಉಣ್ಣುತ್ತಿದ್ದಳು."

ಅಷ್ಟು ಹೇಳಿ ದೊರೆ ಕಣ್ಣೊರೆಸಿಕೊಂಡು, ಮರವನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದ. ಮುಗಿಲು ಮುಟ್ಟಿದ ಮರ ಮೂಲಂಗಿಯ ಹಾಗೆ ಬಂತು. ಅದರ ಹಿಂದೆ ಬೆಟ್ಟದ ಮಾಯಾಮರಗಳೆಲ್ಲ ಒಂದೊಂದಾಗಿ ಒರಗಿ, ನೆಲ ಮುಟ್ಟುವಷ್ಟರಲ್ಲಿ ಹೊಗೆಯಾದವು. ಪಾತಾಳದ ಕೊಳದ ನೀರು ಬೆಟ್ಟಕ್ಕೆ ವಾಪಸಾಯಿತು. ನೀರಿಲ್ಲದ ಮಾಂತ್ರಿಕ ಕೂತಲ್ಲೇ ಹಪ್ಪಳದ ಹಾಗೆ ಒಣಗಿ ಪುಡಿಯಾದ.

ಶಾಲು ಹೊದ್ದ ಜವರಯ್ಯ ಹುಲ್ಲಿನ ನಡುವೆ ಎದ್ದು ಕೂತ.

"ಸಾರು ಏನು ಮಾಡಿದ್ದೀಯೇ?" ಎಂದ.

ಕೆಂಚವ್ವ ಅವನಿಗೆ ಬೈಯಲು ಎಷ್ಟೋ ಮಾತು ಕೂಡಿಟ್ಟಿದ್ದಳು. ಅದನ್ನೆಲ್ಲ ನಾಳೆಗೆ ಎತ್ತಿಟ್ಟಳು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು, "ಉಪ್ಪು ಹಾಕಿಯೇ ಮಾಡುತ್ತೇನೆ, ನಡಿ" ಎಂದಳು.

ಎರಡು ಮಳೆಗೆ ಹುಲ್ಲು ನೆತ್ತಿಯ ತುಂಬ ಎದ್ದಿತು, ನೀರು ಏಳನೇ ಗೀಟಿಗೆ ಹತ್ತಿತು, ಹೊನ್ನತೊರೆಯಲ್ಲಿ ಎಲ್ಲರ ಮನೆಯ ಕೊಡವೂ ತುಂಬಿತು. ತಗ್ಗಿನ ಕಾಡಿನಲ್ಲಾದರೂ ಅಮ್ಮನ ಹೆಸರಲ್ಲಿ ಒಂದು ಸಸಿ ನೆಡಲೇ ಎಂದು ದೊರೆ ಕೇಳಿದ. ಅದು ಹಕ್ಕಿಗಳ ಕೆಲಸ, ಅವು ಮಾಡಿಕೊಳ್ಳುತ್ತವೆ ಎಂದಳು ಕೆಂಚವ್ವ.

ಅಂದಿನಿಂದ ದೊರೆ ಪ್ರತಿ ಹುಟ್ಟುಹಬ್ಬಕ್ಕೂ ಬೆಟ್ಟ ಹತ್ತಿ, ಹುಲ್ಲಿಗೆ ಕಿವಿಯಿಟ್ಟು, ಏನನ್ನೂ ನೆಡದೆ ಇಳಿದು ಹೋಗುತ್ತಿದ್ದ. ಆದರೂ ಕೆಂಚವ್ವ ಪ್ರತಿ ಸಲವೂ ಅವನ ಎರಡು ಕೈ ಬಿಡಿಸಿ ನೋಡಿಯೇ ಮೇಲಕ್ಕೆ ಬಿಡುತ್ತಿದ್ದಳು.