ಗೇರ್‌ಬಾಕ್ಸಿನ ಸಾಕ್ಷಿ

ಆ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಬಿಚ್ಚಬೇಡ ಎಂದು ಶಬ್ಬೀರಸಾಬರು ಮೂರು ಸಲ ಹೇಳಿದ್ದರು. ಸಿದ್ದಾಪುರದ ರಸ್ತೆಬದಿಯಲ್ಲಿ ಮೂವತ್ತು ವರ್ಷ ರಿಪೇರಿ ಅಂಗಡಿ ನಡೆಸಿದ ಮನುಷ್ಯ, ಕಬ್ಬಿಣಕ್ಕೆ ಹೆದರಿದವರಲ್ಲ. ಆದರೆ ವಿರುಪಾಕ್ಷಿಯ ಮಿನಿ ಟ್ರ್ಯಾಕ್ಟರಿನ ಹೆಸರೆತ್ತಿದರೆ ಕೈಯಲ್ಲಿದ್ದ ಪಾನಾ ಕೆಳಗಿಟ್ಟುಬಿಡುತ್ತಿದ್ದರು.

"ಬಾನಾಮತಿ ಐತಿ ಅದರಾಗ. ಬಿಚ್ಚಬ್ಯಾಡ. ಬಿಚ್ಚೇ ಬಿಚ್ಚಿದ್ರ, ಕಂಡಿದ್ದನ್ನ ಕಂಡಂಗ ಹೇಳು. ಅದು ಸುಳ್ಳು ತಡಕೊಳ್ಳಂಗಿಲ್ಲ."

"ಸವದ ಬೇರಿಂಗ್ ಇರತೈತಿ ಚಾಚಾ," ಎಂದು ಮುಜೀಬ ನಕ್ಕ. "ಬಾನಾಮತಿ ಇದ್ರ ಅದಕ್ಕೂ ಒಂದಿಷ್ಟು ಗ್ರೀಸ್ ಹಚ್ಚಿ ಬರ್ತೀನಿ ಬಿಡ್ರಿ."

ಮುಜೀಬ ಕುಷ್ಟಗಿ ಕಡೆಯವನು. ಈ ಅಂಗಡಿಗೆ ಬಂದು ಎರಡು ತಿಂಗಳಾಗಿತ್ತು. ಹೆಂಡತಿ ನಾಹೀದಾ, ಒಂಬತ್ತು ತಿಂಗಳ ಮಗಳು ಖುಷ್ಬು. ಮಗು ತೊಟ್ಟಿಲಲ್ಲಿ ಮಲಗದು, ತಾಯಿಯ ಮಡಿಲಲ್ಲೂ ಮಲಗದು. ಅಪ್ಪನ ಎದೆಯ ಮೇಲೆ ಬೋರಲು ಬಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಊರೂರು ಅಲೆದು ಅವನಿಗೆ ಸಾಕಾಗಿತ್ತು. ಯಾರೂ ಮುಟ್ಟದ ಈ ಕೆಲಸವೊಂದು ಕೈಗೂಡಿದರೆ ಕಾಲುವೆಯುದ್ದದ ಟ್ರ್ಯಾಕ್ಟರುಗಳೆಲ್ಲ ತನ್ನ ಬಳಿಗೇ ಬರುತ್ತವೆ, ಮಗಳಿಗೆ ತನ್ನದೆನ್ನುವ ಊರೊಂದು ಸಿಗುತ್ತದೆ ಎಂಬ ಆಸೆ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಹೋದ ಮುಂಗಾರಿನಲ್ಲಿ ಗದ್ದೆ ಕೆಸರು ಮಾಡುವಾಗ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಕಲಸುವ ರೋಟಾವೇಟರಿನ ಅಲಗುಗಳಿಗೆ ಕಳೆ ಸುತ್ತಿಕೊಂಡಿತು. ಡ್ರೈವರ್ ಹುಲಿಗೇಶ ಇಳಿದು, ಕೆಳಗೆ ಕೈಹಾಕಿ ಬಿಡಿಸುತ್ತಿದ್ದ. ಟ್ರ್ಯಾಕ್ಟರಿನ ಮೇಲೆ ವಿರುಪಾಕ್ಷಿ ಕೂತಿದ್ದ. ಅಲಗುಗಳು ಒಮ್ಮೆಲೇ ತಿರುಗಿದವು, ಹುಲಿಗೇಶ ಉಳಿಯಲಿಲ್ಲ. ಗೇರ್ ತಾನಾಗಿಯೇ ಬಿತ್ತು ಎಂದು ವಿರುಪಾಕ್ಷಿ ಅತ್ತ, ಊರು ನಂಬಿತು. ನಂಬದವಳು ಹುಲಿಗೇಶನ ತಾಯಿ ಶರಣಬಸಮ್ಮ ಒಬ್ಬಳೇ. ಕನಕಗಿರಿ ಸಂತೆಗೆ ಬರುವ ಮಾಟಗಾರನೊಬ್ಬನಿಂದ ಮಗನ ಉಡದಾರಕ್ಕೆ ಗಂಟು ಹಾಕಿಸಿ ತಂದು, ಎಣ್ಣೆ ಹಾಕುವ ತೂತಿನಿಂದ ಗೇರ್‌ಬಾಕ್ಸಿನೊಳಗೆ ಇಳಿಬಿಟ್ಟಳಂತೆ. ತಪ್ಪು ಗೇರಿನದಾದರೆ ಗೇರೇ ಬಾಯಿ ಬಿಡಲಿ ಎಂದಳಂತೆ. ಅಂದಿನಿಂದ ಒಳಗೊಂದು ಸದ್ದು. ನಾಟಿ ಮಾಡುವ ಹೆಂಗಸರು ವಿರುಪಾಕ್ಷಿಯ ಗದ್ದೆಗೆ ಇಳಿಯುವುದನ್ನೇ ಬಿಟ್ಟಿದ್ದರು.

ಮಟಮಟ ಮಧ್ಯಾಹ್ನ ಮುಜೀಬ ಗದ್ದೆಯಂಚಿನ ತಗಡಿನ ಶೆಡ್ಡಿಗೆ ಹೋದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಕೊಳೆತ ಹುಲ್ಲಿನ, ಸುಟ್ಟ ಎಣ್ಣೆಯ, ಒಣಗಿದ ಕೆಸರಿನ ವಾಸನೆ. ಹಿಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ ಇಂಜಿನ್ ಚಾಲೂ ಮಾಡಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಒಂದೊಂದೇ ಭಾಗವನ್ನು ನಿಲ್ಲಿಸುತ್ತ ಕೇಳಿದರೆ ಸದ್ದು ಎಲ್ಲಿ ಅಡಗಿದೆ ಎಂಬುದು ಗೊತ್ತಾಗುತ್ತದೆ.

ಟಕ್. ಟಕ್ ಟಕ್.

ಕ್ಲಚ್ ಒತ್ತಿದ. ಸದ್ದು ನಿಲ್ಲಲಿಲ್ಲ. ಗಾಲಿಗಳನ್ನು ನಿಲ್ಲಿಸಿದ. ನಿಲ್ಲಲಿಲ್ಲ. ಇಂಜಿನ್ನನ್ನೇ ಬಂದ್ ಮಾಡಿದ. ಗದ್ದೆಯ ಕಪ್ಪೆಗಳೂ ಸುಮ್ಮನಾದವು.

ಟಕ್. ಟಕ್ ಟಕ್.

ಬಿಸಿ ಕಬ್ಬಿಣ ಆರುವಾಗ ಹೀಗೆ ಮಿಡಿಯುತ್ತದೆ ಎಂದುಕೊಂಡು ಅಂಗೈಯಿಟ್ಟು ನೋಡಿದ. ಕಬ್ಬಿಣ ಬಾವಿನೀರಿನಷ್ಟು ತಣ್ಣಗಿತ್ತು.

ಎಣ್ಣೆ ಇಳಿಸಿದ. ಹಾಲಿನಂತೆ ಬೆಳ್ಳಗೆ ಸುರಿಯಿತು. ನೀರು ಹೊಕ್ಕಿದೆ, ಇಷ್ಟೇ ವಿಷಯ ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡ. ಮುಚ್ಚಳ ಬಿಚ್ಚಿ ಕೈ ಇಳಿಸಿದ. ಬೆರಳಿಗೆ ತೊಡರಿದ್ದು ಕರಿಯ ಉಡದಾರ, ಗಂಟುಗಂಟಿಗೂ ಕೂದಲು. ಅದರಿಂದ ಎಣ್ಣೆಯ ವಾಸನೆ ಬರಲಿಲ್ಲ, ಬೆವರಿದ ಮೈಯ ವಾಸನೆ ಬಂತು. ಅದು ಹೊರಗೆ ಬಂದೊಡನೆ ಸದ್ದು ನಿಂತಿತು. ಯಾರೋ ಉಸಿರು ಹಿಡಿದು ಕಾಯುತ್ತಿರುವಂತೆ ನಿಂತಿತು.

ಮುಜೀಬ ಗೇರುಗಳನ್ನು ಒರೆಸಿ ನೋಡಿದ. ಒಂದು ಹಲ್ಲೂ ಸವೆದಿರಲಿಲ್ಲ. ರೋಟಾವೇಟರ್ ತಿರುಗಿಸುವ ಗೇರನ್ನು ಹಿಡಿದಿಡುವ ಸ್ಪ್ರಿಂಗ್ ಹೊಸದರಂತೆ ಬಿಗಿಯಾಗಿತ್ತು. ಕೈಯಿಂದ ಎಳೆಯದೆ ಆ ಗೇರ್ ಬೀಳುವುದು ಸಾಧ್ಯವೇ ಇರಲಿಲ್ಲ. ತಲೆಯೆತ್ತಿದ. ಬಾಗಿಲಲ್ಲಿ ವಿರುಪಾಕ್ಷಿ ನಿಂತಿದ್ದ.

"ಹುಲಿಗೇಶ ಹೊರಗ ಬಂದಾನ ಅಂತ ತಿಳಕೊಂಡೆ ಮೇಸ್ತ್ರಿ," ಎಂದ ಅವನು, ಕೇಳುವ ಮೊದಲೇ. "ಹೊಳ್ಳಿ ನೋಡಲಿಲ್ಲ."

ಆಮೇಲೆ ಬೇಡಿಕೊಂಡ. ಗೇರ್ ಸವೆದಿತ್ತು ಎಂದು ಒಂದು ಮಾತು ಹೇಳಿದರೆ ಸಾಕು, ಇಡೀ ಕಾಲುವೆ ಸೀಮೆಯ ಕೆಲಸ ಕೊಡಿಸುತ್ತೇನೆ, ಇರಲು ಮನೆ ಕೊಡುತ್ತೇನೆ ಎಂದ. ಮುಜೀಬ ಉಡದಾರವನ್ನು ಪಕ್ಕಕ್ಕಿಟ್ಟು ಒರೆಸಿದ ಗೇರನ್ನೇ ಮತ್ತೆ ಒರೆಸತೊಡಗಿದ. ಅಷ್ಟರಲ್ಲಿ ಬದುವಿನ ಮೇಲೆ ಶರಣಬಸಮ್ಮ ಬರುವುದು ಕಂಡಿತು. ಗೇರ್‌ಬಾಕ್ಸ್ ಬಿಚ್ಚಿದ ಸುದ್ದಿ ಆಗಲೇ ಅವಳನ್ನು ಮುಟ್ಟಿತ್ತು.

ಮುದುಕಿ ವಿರುಪಾಕ್ಷಿಯ ಕಡೆ ನೋಡಲಿಲ್ಲ. ಮುಜೀಬನ ಎದುರು ಕುಕ್ಕರಗಾಲಲ್ಲಿ ಕೂತಳು.

"ಯಾರ ಮ್ಯಾಲೂ ಸಿಟ್ಟಿಲ್ಲಪ್ಪಾ ನನಗ. ಖರೇ ಗೊತ್ತಾದ್ರ ಸಾಕು, ವರ್ಷಾತು ಕಣ್ಣು ಮುಚ್ಚಿಲ್ಲ. ನೀ ಕಿವಿಗೊಟ್ಟು ಕೇಳಿದಾವ. ಗೇರ್ ತಾನ ಬಿದ್ದಿತ್ತೇನು?"

ಮುಜೀಬನ ಕಣ್ಣಮುಂದೆ ಖುಷ್ಬುವಿನ ಮುಖ ಬಂತು.

"ಹೌದವ್ವಾ. ಸವದಿತ್ತು."

ಅವಳು ಉಡದಾರವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಹಂಗಾರ ಯಾರದೂ ತಪ್ಪಿಲ್ಲ ಬಿಡು," ಎಂದು ಎದ್ದು, ಕಾಲುವೆಯ ದಂಡೆ ಹಿಡಿದು ಹೋದಳು.

ಸಂಜೆ ಟ್ರ್ಯಾಕ್ಟರ್ ಆ ಟಕ್‌ಟಕ್ ಸದ್ದಿಲ್ಲದೆ ಓಡಿತು. ಮುಜೀಬ ಮನೆಗೆ ಬಂದು ಮೈತೊಳೆದು ಚಾಪೆಯ ಮೇಲೆ ಅಡ್ಡಾದ. ಖುಷ್ಬು ಎದೆಯ ಮೇಲೆ ಒರಗಿತು. ರೆಪ್ಪೆ ಭಾರವಾಯಿತು.

ಟಕ್.

ಮಗು ಕಣ್ಣು ತೆರೆಯಿತು. ಟಕ್ ಟಕ್. ಅವನು ಉಸಿರು ಬಿಗಿಹಿಡಿದ. ಸದ್ದು ನಿಲ್ಲಲಿಲ್ಲ. ಅದು ಗೋಡೆಯಲ್ಲಿರಲಿಲ್ಲ. ಹೊರಗಿರಲಿಲ್ಲ. ಅವನ ಪಕ್ಕೆಲುಬಿನ ಒಳಗಿತ್ತು. ಮಗು ತಲೆಯೆತ್ತಿ ಅಪ್ಪನನ್ನು ನೋಡಿತು. ಗುರುತಿಲ್ಲದವರನ್ನು ನೋಡುವಂತೆ ನೋಡಿತು. ಆಮೇಲೆ ಚೀರಿತು. ನಾಹೀದಾ ಓಡಿಬಂದು ಅವನ ಎದೆಗೆ ಕಿವಿಯಿಟ್ಟಳು. ಥಟ್ಟನೆ ಹಿಂದೆ ಸರಿದಳು. ಮಗುವನ್ನು ಎತ್ತಿಕೊಂಡಳು.

ಬೆಳಗಾದೊಡನೆ ಅವನು ಶರಣಬಸಮ್ಮನ ಮನೆಗೆ ಓಡಿದ. ಅಂಗಳದಲ್ಲಿ ಜನ ಸೇರಿದ್ದರು. ವರ್ಷದ ಮೇಲೆ ನಿನ್ನೆ ಒಂದು ದಿನ ನೆಮ್ಮದಿಯಾಗಿ ಮಲಗಿದಳು, ಏಳಲಿಲ್ಲ ಎಂದು ಯಾರೋ ಹೇಳಿದರು. ಮುಜೀಬ ಜನರನ್ನು ಸರಿಸಿ ಹೋಗಿ ಅವಳ ಪಕ್ಕ ಕೂತ. ತಣ್ಣನೆಯ ಕಿವಿಗೆ ಬಾಯಿ ಹಚ್ಚಿ ಹೇಳಿದ.

"ಗೇರ್ ಛಲೋ ಇತ್ತವ್ವಾ. ಕೈಲೆ ಎಳದಿದ್ರು."

ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಮಧ್ಯಾಹ್ನದೊಳಗೆ ಪೊಲೀಸರು ವಿರುಪಾಕ್ಷಿಯನ್ನು ಕರೆದೊಯ್ದರು. ಎದೆಯೊಳಗಿನ ಸದ್ದು ನಿಲ್ಲಲಿಲ್ಲ. ಕೇಳಬೇಕಾದವಳು ಕೇಳಿರಲಿಲ್ಲ.

ಖುಷ್ಬು ಈಗ ಶಬ್ಬೀರಸಾಬರ ಹೆಗಲ ಮೇಲೆ ಮಲಗುತ್ತದೆ. ಹೊತ್ತು ಮುಳುಗುವಾಗ ಅವರು ಮಗುವನ್ನೆತ್ತಿಕೊಂಡು ಅಂಗಡಿಯ ಮುಂದೆ ಅತ್ತಿತ್ತ ನಡೆದಾಡುತ್ತಾರೆ. ಮುಜೀಬ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಾನೆ. ಒಮ್ಮೊಮ್ಮೆ ತಡೆಯಲಾರದೆ ರಸ್ತೆಗೆ ಇಳಿಯುತ್ತಾನೆ. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಮಗುವಿನ ರೆಪ್ಪೆ ಅದುರುತ್ತದೆ. ಅವನು ಅಲ್ಲಿಂದಲೇ ಹಿಂದಕ್ಕೆ ಹೋಗುತ್ತಾನೆ.