ಊಟ ಆಯ್ತಾ ಎಂದು ಕೇಳುತ್ತಿದ್ದ ಕಂಪ್ಯೂಟರ್

"ನಮ್ಮ ಯಜಮಾನರ ದನಿಯನ್ನ ಯಾರೋ ಕದ್ದಿದಾರೆ, ಮೇಡಂ," ಎಂದು ಶ್ರೀಗೌರಿ ಸರಸಮ್ಮನವರ ಮನೆ ಬಾಗಿಲಲ್ಲೇ ಅಂದಾಗ ದೇವರಾಜು ಬಾಯಿಗಿಟ್ಟ ಕಾಫಿ ಲೋಟ ಇಳಿಸಿದ. ಕೋಳಿ ಕಳ್ಳರಿಂದ ಪಂಪ್‌ಸೆಟ್ ಕಳ್ಳರವರೆಗೆ ಎಲ್ಲರನ್ನೂ ಹಿಡಿದಿದ್ದ ಪೊಲೀಸ್ ಆಸಾಮಿ ಅವನು. ದನಿ ಕದ್ದವರನ್ನು ಮಾತ್ರ ಕಂಡಿರಲಿಲ್ಲ. ನಿವೃತ್ತನಾದ ಮೇಲೆ ಹಾಸನದ ಸರಸಮ್ಮನವರ ಜೊತೆ ಸೇರಿಕೊಂಡಿದ್ದ. ಕಾಲೇಜಿನಲ್ಲಿ ಗಣಿತ ಹೇಳಿದ್ದ ಆ ಹೆಂಗಸು ಎಂಥ ಸಿಕ್ಕನ್ನೂ ಬಿಡಿಸುತ್ತಾರೆಂದು ಊರಿಗೇ ಗೊತ್ತಿತ್ತು.

ಶ್ರೀಗೌರಿಯ ಗಂಡ ಆತ್ರೇಯ ಕಾಲೇಜಿನ ಲ್ಯಾಬಿನಲ್ಲಿ ಮಳೆಯ ಲೆಕ್ಕ ನೋಡುತ್ತಿದ್ದವನು. ಅವನ ಕಂಪ್ಯೂಟರಿನೊಳಗೇ ಒಂದು ನೋಟ್‌ಬುಕ್ಕಿತ್ತು; ಖಾನೆಯಲ್ಲಿ ಲೆಕ್ಕ ಬರೆದರೆ ಕೆಳಗೇ ಉತ್ತರ ಮೂಡುವಂಥದ್ದು. ದಿನದ ಚಿಲ್ಲರೆ ಕೆಲಸಗಳನ್ನೆಲ್ಲ ತಾನೇ ಮಾಡಿಕೊಳ್ಳುವಂತೆ ಅದಕ್ಕೆ ಕಲಿಸಿಟ್ಟಿದ್ದ. ತೆರೆದರೆ ಸಾಕು, ಹಿಂದಿನ ದಿನದ ಮಳೆ ಕೂಡಿಸಿ, ಗ್ರಾಫ್ ಎಳೆದು, ಕೊನೆಗೆ, ಹೆಂಡತಿಗಾಗಿ ಅವನು ರೆಕಾರ್ಡ್ ಮಾಡಿಟ್ಟಿದ್ದ ಅವನದೇ ದನಿಯಲ್ಲಿ, "ಗೌರಿ, ಊಟ ಆಯ್ತಾ?" ಅನ್ನುತ್ತಿತ್ತು. ಅವನು ಜ್ವರದಲ್ಲಿ ತೀರಿಕೊಂಡ ಮೇಲೂ ಅನ್ನುತ್ತಲೇ ಇತ್ತು. ಅವನ ಜಾಗಕ್ಕೇ ಕೆಲಸಕ್ಕೆ ಸೇರಿದ ಗೌರಿ ಆ ಒಂದು ಮಾತಿಗಾಗಿ ಬೆಳಗಾಗುವುದನ್ನೇ ಕಾಯುತ್ತಿದ್ದಳು.

"ಶನಿವಾರ ಕೇಳಿದ್ದೆ. ಭಾನುವಾರ ಹೊಳೆನರಸೀಪುರದಲ್ಲಿ ಮಾವನ ಮನೇಲಿದ್ದೆ, ಇವರ ಮೊದಲ ವರ್ಷದ ತಿಥಿ. ಸೋಮವಾರ ತೆರೆದರೆ ಮಳೆ ಲೆಕ್ಕ ಬಂತು, ಇವರು ಬರಲಿಲ್ಲ." ಅಷ್ಟಂದು ಅವಳು ಅತ್ತುಬಿಟ್ಟಳು.

ಮೂವರೂ ಲ್ಯಾಬಿಗೆ ಹೋದರು. ಅಲ್ಲಿನ ಬೀಗದ ಕೈ ಅಟೆಂಡರ್ ಅನಿಲ್‌ಕುಮಾರನ ಬಳಿ ಇತ್ತು. "ಭಾನುವಾರ ಚನ್ನರಾಯಪಟ್ಟಣಕ್ಕೆ ಮದ್ವೆಗೆ ಓಗಿದ್ದೆ ಸಾ. ಬೀಗ ಯಾರೂ ತಗ್ದಿಲ್ಲ," ಎಂದ. ಗೌರಿಯ ಜೊತೆಗೆ ಕೆಲಸ ಮಾಡುವ ಕೇದಾರ್ ಮುಚ್ಚುಮರೆ ಮಾಡಲಿಲ್ಲ. "ಸತ್ತವರ ಮಾತು ಕೇಳ್ತಾ ಎಷ್ಟು ದಿನ ಕೂರ್ತಾಳೆ? ತೆಗೆಸಬೇಕು ಅಂತಲೇ ಇದ್ದೆ. ಆದರೆ ವರ್ಷ ತುಂಬೋಕೆ ಇನ್ನೂ ಹತ್ತು ದಿನ ಇದೆಯಲ್ಲ, ಆಮೇಲೆ ನೋಡೋಣ ಅಂತ ಸುಮ್ಮನಿದ್ದೆ."

"ಇವ್ನೇ ಕಣ್ರಮ್ಮಾ," ಎಂದು ದೇವರಾಜು ಪಿಸುಗುಟ್ಟಿದ.

"ಸ್ವಲ್ಪ ತಡಕೊಳ್ಳಯ್ಯ," ಎಂದು ಸರಸಮ್ಮ ಕಂಪ್ಯೂಟರಿನ ತೆರೆಯತ್ತ ಬಾಗಿದರು. "ಗೌರಿ, ಇಲ್ಲಿ ಪಂಚಾಂಗ ಅಂತಿದೆಯಲ್ಲ, ಯಾರದು?"

"ಮಾವನದು. ತಿಥಿ ನಕ್ಷತ್ರ ಇದರಲ್ಲೇ ಲೆಕ್ಕ ಹಾಕೋದನ್ನ ಇವರೇ ಅವರಿಗೆ ಕಲಿಸಿದ್ರು. ಹೋದ ತಿಂಗಳೂ ಮಾವ ಬಂದು ಇದರ ಮುಂದೆ ಕೂತಿದ್ರು."

ಮಾರನೇ ದಿನ ಎಲ್ಲರೂ ಲ್ಯಾಬಿನಲ್ಲಿ ಸೇರಿದರು. ಪೌರೋಹಿತ್ಯದ ಸಂಪತ್ಕುಮಾರರೂ ಬಸ್ಸಿಳಿದು ಬಂದು ಸೊಸೆಯ ಪಕ್ಕ ಕೂತರು.

"ಬೀಗ ತೆಗೆದಿಲ್ಲ ಅಂದ್ರೆ ಯಾರೂ ಒಳಗೆ ಬಂದಿಲ್ಲ," ಎಂದರು ಸರಸಮ್ಮ. "ಆದರೆ ಕಂಪ್ಯೂಟರ್ ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ಇಂಥ ದಿನದಿಂದ ಸುಮ್ಮನಾಗು ಅಂತ ಮೊದಲೇ ಬರೆದಿಟ್ಟು ಹೋದರೆ ಸಾಕು. ಹಾಗಾದರೆ ಭಾನುವಾರವೇ ಯಾಕೆ? ಕೇದಾರ್‌ಗೆ ವರ್ಷ ತುಂಬೋದು ತಾರೀಖಿನ ಲೆಕ್ಕದಲ್ಲಿ, ಇನ್ನೂ ತುಂಬಿಲ್ಲ. ತಿಥಿಯ ಲೆಕ್ಕದಲ್ಲಿ ತುಂಬಿದ್ದು ಭಾನುವಾರ. ತಿಥಿ ಲೆಕ್ಕವನ್ನ ಈ ನೋಟ್‌ಬುಕ್ಕಿನಲ್ಲಿ ಬರೆಯಬಲ್ಲವರು ಒಬ್ಬರೇ."

ಸಂಪತ್ಕುಮಾರರು ತಲೆಯೆತ್ತಲಿಲ್ಲ. "ವರ್ಷ ಕಳೆದ ಮೇಲೂ ದಿನಾ ಕೂಗಿ ಕರೀತಿದ್ರೆ ಅವನು ಹೋಗೋದು ಹೇಗಮ್ಮ? ನಿನಗೆ ಹೇಳೋ ಧೈರ್ಯ ಬರಲಿಲ್ಲ. ಅವನು ಕಲಿಸಿದ ವಿದ್ಯೆಯಿಂದಲೇ ಅವನ ಬಾಯಿ ಮುಚ್ಚಿಸಿದೆ. ಪಾಪಿ ನಾನು."

"ಪೂರ್ತಿ ಹೇಳಿ ಸ್ವಾಮಿ," ಎಂದರು ಸರಸಮ್ಮ ಮೆತ್ತಗೆ. "ಕೆಳಗೆ ಇನ್ನೊಂದು ಸಾಲಿದೆ. ಪ್ರತಿ ವರ್ಷ ಆ ತಿಥಿಯ ದಿನ ಮಾತ್ರ ದನಿ ಬರಬೇಕು ಅಂತ."

"ಅಳಿಸೋಕೆ ಕೈ ಬರಲಿಲ್ಲ," ಎಂದರು ಮುದುಕರು. "ಶ್ರಾದ್ಧದ ದಿನ ಹೇಗೂ ಊಟಕ್ಕೆ ಬರ್ತಾನಲ್ಲ. ಅವತ್ತು ನಾನೂ ಇಲ್ಲಿ ಬಂದು ಕೇಳೋಣ ಅಂತ."

ಗೌರಿ ಸಿಟ್ಟಿನಿಂದಲೇ ಕೀಬೋರ್ಡಿಗೆ ಕೈ ಹಾಕಿದಳು. ಆ ಸಾಲುಗಳನ್ನು ಅಳಿಸಿದರೆ ದನಿ ಈಗಲೇ ಬರುತ್ತಿತ್ತು. "ಒಂದು ವರ್ಷ ನಾನು ಹೇಗೆ ಕಾಯಲಿ, ಮಾವ?"

"ನಾನು ಕಾಯ್ತೀನಲ್ಲಮ್ಮ."

ದೇವರಾಜುವಿಗೆ, ಹೋದ ವರ್ಷ ತೀರಿಕೊಂಡ ತನ್ನ ಹೆಂಡತಿ ಪುಟ್ಟತಾಯಮ್ಮ ನೆನಪಾದಳು. ಅವಳ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಗೌರಿ ಮೆಲ್ಲಗೆ ಕೈ ಹಿಂದೆಗೆದುಕೊಂಡಳು. ಮಾವನ ಒಣಗಿದ ಮುಖವನ್ನು ಬಹಳ ಹೊತ್ತು ನೋಡಿದಳು.

"ಮಾವ, ಊಟ ಆಯ್ತಾ?" ಎಂದಳು.

"ಇಲ್ಲ ಕಣಮ್ಮ," ಎಂದು ಸಂಪತ್ಕುಮಾರರು ಮಗುವಿನ ಹಾಗೆ ಅತ್ತರು.