ಮೂರು ಬಂದೂಕು, ಒಂದು ಗುಂಡು

ಜಿಂಕೆ ಬೇಟೆಯ ಮೊದಲ ದಿನ ಮಧ್ಯಾಹ್ನವೇ ಒನ್ನಿ ಪೆಲ್ಕೊನೆನ್ ಹೆಣವಾಗಿ ಸಿಕ್ಕಿದ. ಬೇಟೆಯ ಗುಡಿಸಲಿಗೆ ಇನ್ನೂರು ಹೆಜ್ಜೆ ದೂರದ ಪೊದೆಗಳ ನಡುವೆ. ಗುಂಡು ತೊಡೆ ಸೀಳಿಕೊಂಡು ಹೋಗಿ ಬಂಡೆಗೆ ಬಡಿದು ಅಪ್ಪಚ್ಚಿಯಾಗಿತ್ತು. ಸುತ್ತಲಿನ ಹಿಮವೆಲ್ಲ ಕೆಂಪಾಗಿತ್ತು.

ಅಮೆರಿಕದ ಮಿಷಿಗನ್ನಿನ ಆ ಕಾಡಿಗೆ ಪೊಲೀಸ್ ಮುಖ್ಯಸ್ಥ ಶೆರಿಫ್ ಜೊತೆ ತನಿಖೆಗೆ ಬಂದವಳು ಅವನ ಡೆಪ್ಯೂಟಿ ಇರ್ಮಾ. ಗುಡಿಸಲಲ್ಲಿ ಉಳಿದವರು ಇಬ್ಬರೇ. ಒನ್ನಿಯ ಅಳಿಯ ಡೇಲ್, ಹಳೆಯ ಗೆಳೆಯ ಹಾರ್ವೆ. ಸುದ್ದಿ ಕೇಳಿ ಓಡಿಬಂದ ಒನ್ನಿಯ ಮಗಳು ಲೆಂಪಿ ಗಂಡ ಡೇಲ್‌ನಿಂದ ದೂರ ನಿಂತಿದ್ದಳು.

“ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಇರ್ಮಾ?” ಎಂದ ಶೆರಿಫ್. “ಅಷ್ಟು ದೊಡ್ಡ ಗಾಯ! ಅಳಿಯನ ನಲವತ್ತೈದು-ಎಪ್ಪತ್ತು ಬಂದೂಕಿನದ್ದೇ. ನಿನ್ನೆ ಜಗಳ ಬೇರೆ ಆಡಿದಾರೆ. ಬೇಡಿ ಹಾಕು.”

ಇರ್ಮಾ ಹಾಕಿದಳು. ಮನಸ್ಸು ಒಪ್ಪಲಿಲ್ಲ.

ಮೂವರದೂ ಹಿಡಿಕೆ ಎಳೆದು ಗುಂಡು ಏರಿಸುವ ಲಿವರ್ ಬಂದೂಕೇ. ಗುಂಡಿನ ಅಳತೆಯಲ್ಲಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ.

“‘ಐವತ್ತು ಹೆಜ್ಜೇಲಿರೋ ಜಿಂಕೆಗೆ ಫಿರಂಗಿ ಯಾಕೋ? ನನ್ನ ಮೂವತ್ತು-ಮೂವತ್ತರ ಸಣ್ಣ ಗುಂಡು ಸಾಕು’ ಅಂತ ಮಾವ ರೇಗಿಸಿದ್ರು,” ಎಂದ ಡೇಲ್. “ನಿಂತಲ್ಲೇ ಬೀಳ್ಬೇಕಾದ್ರೆ ದೊಡ್ಡ ಗುಂಡೇ ಬೇಕು ಅಂದೆ. ವರ್ಷಾ ವರ್ಷಾ ಇದೇ ಜಗಳ ಮೇಡಂ.”

“ಎರಡೂ ತಪ್ಪು,” ಹಾರ್ವೆ ಅಭ್ಯಾಸಬಲದಿಂದ ಗೊಣಗಿದ. “ಪೊದೆ ಕಾಡಿಗೆ ನನ್ನ ಮೂವತ್ತೈದೇ ಸರಿ.”

ಇರ್ಮಾ ನಳಿಗೆಗಳನ್ನು ಮೂಸಿದಳು. ಒನ್ನಿಯದು ಸ್ವಚ್ಛ. ಉಳಿದೆರಡರಲ್ಲೂ ಮದ್ದಿನ ವಾಸನೆ.

“ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಹಾರಿಸ್ದೆ. ಗುರಿ ತಪ್ತು,” ಎಂದ ಡೇಲ್.

“ನಂದೂ ಅದೇ ಕಥೆ. ತಿಂಡಿಗೆ ಮುಂಚೇನೇ,” ಎಂದ ಹಾರ್ವೆ.

ಇರ್ಮಾಳ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

*

ಬಂದೂಕಿನ ತೋಟಾಗಳಿಗೆ ಮದ್ದು, ಗುಂಡು ತಾವೇ ತುಂಬಿಕೊಳ್ಳುವ ಜನ. ಗುಡಿಸಲಲ್ಲೇ ಗ್ರೇನ್ ಲೆಕ್ಕದಲ್ಲಿ ಅವನ್ನು ತೂಗುವ ಪುಟ್ಟ ತಕ್ಕಡಿಯಿತ್ತು. ಅಪ್ಪಚ್ಚಿಯಾದ ಗುಂಡಿನ ಅಗಲವನ್ನು ನಂಬುವ ಹಾಗಿಲ್ಲ. ಇರ್ಮಾ ತೂಕ ಹಾಕಿದಳು. ನೂರ ತೊಂಬತ್ತೆಂಟು ಗ್ರೇನ್. ಹಾರ್ವೆಯ ಗುಂಡು ಇನ್ನೂರು, ಡೇಲ್‌ನದು ಮುನ್ನೂರು.

“ಬಂಡೆಗೆ ಬಡಿದಾಗ ಚೂರು ಹಾರಿರಬಹುದಲ್ಲ?” ಎಂದ ಶೆರಿಫ್.

ಅದೂ ಸರಿಯೇ. ಇರ್ಮಾ ಸೋತು ಗೋಡೆಗೊರಗಿದಳು. ಅಲ್ಲಿ ಅಂಗಿಯ ತುದಿಗಳನ್ನು ಕತ್ತರಿಸಿ ಮೊಳೆ ಹೊಡೆದಿದ್ದರು. ಹೊಸದರ ಮೇಲೆ ಡೇಲ್‌ನ ಹೆಸರು, ಇವತ್ತಿನ ತಾರೀಖು.

“ಇದನ್ನ ಕತ್ತರಿಸಿದ್ದು ಯಾರು?”

“ಮಾವನೇ. ತಿಂಡಿ ಹೊತ್ತಿಗೆ ಎಲ್ಲರ ನಳಿಗೆ ಮೂಸ್ತಾರೆ. ಗುರಿ ತಪ್ಪಿದೋನ ಅಂಗಿಗೆ ಕತ್ತರಿ. ಯಾರಿಗೂ ವಿನಾಯ್ತಿ ಇಲ್ಲ.”

ಇರ್ಮಾ ಹಾರ್ವೆಯತ್ತ ತಿರುಗಿದಳು.

“ನಿಮ್ಮ ಅಂಗಿ ಇಡಿಯಾಗಿದೆ. ಅಂದ್ರೆ ತಿಂಡಿ ಹೊತ್ತಿಗೆ ನಿಮ್ಮ ನಳಿಗೇಲಿ ವಾಸನೆ ಇರ್ಲಿಲ್ಲ. ನೀವು ಹಾರಿಸಿದ್ದು ಆಮೇಲೆ. ತೂಕಾನೂ ನಿಮ್ಮ ಗುಂಡಿನದೇ. ಸುಳ್ಳು ಯಾಕೆ ಹೇಳಿದ್ರಿ?”

ಹಾರ್ವೆ ಮಂಚದ ಮೇಲೆ ಕುಸಿದ. “ಪೊದೆ ಅಲುಗಾಡ್ತು. ಜಿಂಕೆ ಅಂದ್ಕೊಂಡೆ.”

“ಹತ್ತಿರ ಹೋಗಿ ನೋಡಿದ್ರಾ?”

“ನೋಡ್ದೆ.”

“ಜೀವ ಇತ್ತಾ?”

“ನನ್ನ ಹೆಸರು ಹಿಡಿದು ಕರೀತಿದ್ದ. ಹೆದರಿ ಓಡಿಬಂದೆ.”

ತೊಡೆಗೊಂದು ಬಟ್ಟೆ ಬಿಗಿದಿದ್ದರೆ ಮುದುಕ ಬದುಕುತ್ತಿದ್ದ. ಡೇಲ್‌ನ ಬೇಡಿ ಬಿಚ್ಚಿ ಇರ್ಮಾ ಹಾರ್ವೆಗೆ ಹಾಕಿದಳು.

ಲೆಂಪಿ ಗಂಡನ ಹತ್ತಿರ ಬಂದಳು. “ಡೇಲ್, ನಾನೂ ನೀನೇ ಅಂದ್ಕೊಂಡಿದ್ದೆ.”

“ಗೊತ್ತು,” ಎಂದ ಡೇಲ್. ಅವಳ ಮುಖ ನೋಡದೆ ಮಾವನ ಹೆಣದ ಕಡೆಗೆ ನಡೆದ.